ಕಪೂಟ್: ಐನ್‌ಸ್ಟೀನ್ ಮನೆಯ ಆಚೆಗೂ ಒಂದು ಊರಿದೆ

ಹಾಫೆಲ್‌ದಂಡೆ:

ಜರ್ಮನಿಯ ಪಾಟ್ಸ್‌ಡಾಮ್ ಕಡೆ ಬರುವ ನಮ್ಮವರು ಕಪೂಟ್ ಅಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ಐನ್‌ಸ್ಟೀನ್ ಮನೆ ಎಲ್ಲಿ? ಬಸ್ ಇಳಿಯುತ್ತಾರೆ, ಏರು ಹತ್ತುತ್ತಾರೆ, ಮರದ ಮನೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಮುಂದಿನ ಬಸ್ಸಿಗೆ ವಾಪಸ್. ಆ ಮನೆ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐನ್‌ಸ್ಟೀನ್ ಅಲ್ಲಿ ಕಳೆದದ್ದು 1929ರಿಂದ 1932ರವರೆಗಿನ ಬೇಸಿಗೆಗಳನ್ನು ಮಾತ್ರ. ಊರಿನ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 1317ರಲ್ಲಿ. ನಡುವಿನ ಇಷ್ಟೂ ಕಾಲ ಅಲ್ಲಿ ಜನ ಏನು ಮಾಡಿಕೊಂಡಿದ್ದರು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನಾನು ಹತ್ತಿರದಲ್ಲೇ ಇರುವವನು, ಆ ಊರಿನ ಮೇಲೆ ನನಗೆ ತುಂಬಾ ಪ್ರೀತಿ.

ಮೊದಲು ಜಾಗ ಎಲ್ಲಿದೆ ಹೇಳಿಬಿಡುತ್ತೇನೆ. ಬರ್ಲಿನ್‌ನಿಂದ ನೈಋತ್ಯಕ್ಕೆ, ಪಾಟ್ಸ್‌ಡಾಮ್ ದಾಟಿದ ಮೇಲೆ, ಹಾಫೆಲ್ ನದಿ ಅಗಲವಾಗಿ ಹರಡಿ ಸರೋವರಗಳ ಸಾಲೇ ಆಗುತ್ತದೆ. ಕಪೂಟಿನ ಒಂದು ಬದಿಗೆ ಟೆಂಪ್ಲೀನ್ ಸರೋವರ, ಇನ್ನೊಂದು ಬದಿಗೆ ಶ್ವೀಲೋ ಸರೋವರ. ಇವೆರಡನ್ನೂ ಸೇರಿಸುವ ಇಕ್ಕಟ್ಟಾದ ನೀರಿನ ಪಟ್ಟಿಗೆ ಗೆಮ್ಯುಂಡೆ ಅನ್ನುತ್ತಾರೆ. ಊರಿನ ಚರಿತ್ರೆಯ ಮುಕ್ಕಾಲು ಪಾಲು ಆ ಇಕ್ಕಟ್ಟಿನಲ್ಲೇ ಇದೆ. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ದೋಣಿಗೆ ಬೇರೆ ದಾರಿಯೇ ಇಲ್ಲ. ಕಪೂಟಿನ ಮನೆಗಳ ಮುಂದೆಯೇ ಹಾದು ಹೋಗಬೇಕು.

19ನೇ ಶತಮಾನದಲ್ಲಿ ಬರ್ಲಿನ್ ಭರದಿಂದ ಬೆಳೆಯಿತು. ಅದಕ್ಕೆ ಬೇಕಾದ ಇಟ್ಟಿಗೆ ಎಲ್ಲಿಂದ ಬಂತು? ಒಳ್ಳೆಯ ಪಾಲು ಇಲ್ಲಿಂದಲೇ. ಪಕ್ಕದ ಗ್ಲಿಂಡೋದಲ್ಲಿ ಒಳ್ಳೆಯ ಜೇಡಿಮಣ್ಣು ಇತ್ತು. ಅದರ ಸುತ್ತ ಇಟ್ಟಿಗೆ ಗೂಡುಗಳು ಎದ್ದವು. ಸುಟ್ಟ ಇಟ್ಟಿಗೆಯನ್ನು ಚಪ್ಪಟೆ ತಳದ ದೊಡ್ಡ ದೋಣಿಗಳಿಗೆ ತುಂಬಿ, ಶ್ವೀಲೋ ಸರೋವರ ದಾಟಿಸಿ, ಗೆಮ್ಯುಂಡೆ ಮೂಲಕ ಬರ್ಲಿನ್‌ಗೆ ಸಾಗಿಸುತ್ತಿದ್ದರು. ಬರ್ಲಿನ್ ನಗರ ದೋಣಿಯಿಂದ ಕಟ್ಟಿದ್ದು ಅಂತ ಆ ಕಡೆಯವರು ಇವತ್ತಿಗೂ ಹೇಳುತ್ತಾರೆ. ಆ ದೋಣಿಗಳ ಒಡೆಯರು, ಆಳುಗಳು ಬಹಳಷ್ಟು ಮಂದಿ ಕಪೂಟಿನವರು. ಆ ಕಾಲದ ಲೇಖಕ ಥಿಯೊಡೋರ್ ಫೊಂಟಾನೆ ಇಲ್ಲಿ ಓಡಾಡಿ, ಕಪೂಟನ್ನು ಶ್ವೀಲೋ ಸರೋವರದ ಶಿಕಾಗೊ ಅಂತ ಕರೆದ. ಈಗ ಹೋಗಿ ನೋಡಿದರೆ ನಂಬುವುದೇ ಕಷ್ಟ. ಬಾತುಕೋಳಿ, ಜೊಂಡು, ಹಾಯಿದೋಣಿ, ಅಷ್ಟೇ. ಆದರೆ ಆಗ ಅದು ನಿಜವಾಗಿಯೂ ಸರಕಿನ ಜಂಕ್ಷನ್.

ಶ್ವೀಲೋ ಸರೋವರ ಸುಮಾರು 8 ಚದರ ಕಿಲೋಮೀಟರ್ ಅಗಲ, ಆದರೆ ಆಳ ಕಡಿಮೆ. ಆಳವಿಲ್ಲದ ದೊಡ್ಡ ನೀರಿನ ಮೇಲೆ ಗಾಳಿ ಎದ್ದರೆ ಮೊಂಡು ಅಲೆಗಳು ಬೇಗ ಏಳುತ್ತವೆ. ಇಟ್ಟಿಗೆ ತುಂಬಿದ ದೋಣಿಯ ಅಂಚು ನೀರಿಗೆ ತೀರಾ ಹತ್ತಿರ ಇರುತ್ತದೆ. ಹಾಗಾಗಿ ಬಿರುಗಾಳಿ ಬಂದರೆ ಕಾಯುವುದೇ ದಾರಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ದೋಣಿಯವರು ಮನೆ ಸೇರುತ್ತಿದ್ದರು. ಊರು ಆಗ ತುಂಬಿರುತ್ತಿತ್ತು. ಬೇಸಿಗೆಯಲ್ಲಿ ಉಳಿಯುತ್ತಿದ್ದವರು ಹೆಂಗಸರು, ಮಕ್ಕಳು, ವಯಸ್ಸಾದವರು ಮಾತ್ರ. ಈಗ ಪ್ರವಾಸಿಗಳಿಂದಾಗಿ ಪೂರಾ ಉಲ್ಟಾ ಆಗಿದೆ.

ಮಲೆನಾಡ ಹುಡುಗಿ:

ಒಂದು ಸಣ್ಣ ಅನುಮಾನ. ಕಪೂಟ್ ಹಳ್ಳಿಯಾ, ಬಡಾವಣೆಯಾ? ಮ್ಯಾಪಿನಲ್ಲಿ ಹುಡುಕಿದರೆ ಶ್ವೀಲೋಝೇ ಅಂತ ತೋರಿಸುತ್ತದೆ.

ಹಾಫೆಲ್‌ದಂಡೆ:

@ಮಲೆನಾಡ ಹುಡುಗಿ, ಎರಡೂ ಸರಿ. 2002ರ ಕೊನೆಯವರೆಗೆ ಕಪೂಟಿಗೆ ತನ್ನದೇ ಪಂಚಾಯಿತಿ ಇತ್ತು. ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಆಗ ಸಣ್ಣ ಪಂಚಾಯಿತಿಗಳನ್ನು ಒಟ್ಟು ಮಾಡುವ ಸುಧಾರಣೆ ನಡೆಯುತ್ತಿತ್ತು. ಕಪೂಟ್, ಗೆಲ್ಟೋ, ಫೆರ್ಷ್ ಮೂರೂ ಸೇರಿ ಸರೋವರದ ಹೆಸರಿನಲ್ಲೇ ಶ್ವೀಲೋಝೇ ಅನ್ನುವ ಒಂದು ಪಂಚಾಯಿತಿ ಮಾಡಿಕೊಂಡವು. ಕಪೂಟ್ ಈಗ ಅದರ ಒಂದು ಭಾಗ. ಊರಿಗೆ ಸ್ವಂತ ಸಲಹಾ ಸಮಿತಿ ಇದೆ, ಅದಕ್ಕೊಬ್ಬ ಮುಖ್ಯಸ್ಥ ಇರುತ್ತಾರೆ. ಆದರೆ ದುಡ್ಡಿನ ತೀರ್ಮಾನ ದೊಡ್ಡ ಪಂಚಾಯಿತಿಯಲ್ಲೇ. ವಿಳಾಸ ಬದಲಾಯಿತು, ಜನ ಬದಲಾಗಲಿಲ್ಲ. ಊರು ಯಾವುದು ಅಂತ ಕೇಳಿ ನೋಡಿ, ಕಪೂಟ್ ಅಂತಲೇ ಹೇಳುತ್ತಾರೆ.

ಗಣಿತದ ಮೇಷ್ಟ್ರು:

ಐನ್‌ಸ್ಟೀನ್ ವಿಷಯ ಪಕ್ಕಕ್ಕಿಡಿ ಅಂದರೆ ನನ್ನಂಥವರಿಗೆ ಆಗುವುದಿಲ್ಲ. ಬರ್ಲಿನ್‌ನಲ್ಲಿ ಮನೆ ಇದ್ದವರು ಈ ಊರಿಗೆ ಯಾಕೆ ಬಂದರು? ಆ ಮನೆಯನ್ನು ಬರ್ಲಿನ್ ನಗರವೇ ಉಡುಗೊರೆ ಕೊಟ್ಟಿತು ಅಂತ ಎಲ್ಲೋ ಓದಿದ ನೆನಪು.

ಹಾಫೆಲ್‌ದಂಡೆ:

@ಗಣಿತದ ಮೇಷ್ಟ್ರು, ಪಕ್ಕಕ್ಕಿಡಿ ಅನ್ನುತ್ತಿಲ್ಲ ಸರ್, ಊರಿನ ಜೊತೆ ಸೇರಿಸಿ ನೋಡೋಣ ಅನ್ನುತ್ತಿದ್ದೇನೆ. ಉಡುಗೊರೆ ಕೊಡಲು ಹೊರಟಿದ್ದು ನಿಜ. ಕೊಡಲಿಲ್ಲ. 1929ರ ಮಾರ್ಚ್ 14ಕ್ಕೆ ಐನ್‌ಸ್ಟೀನ್‌ಗೆ 50 ತುಂಬಿತು. ನೀರಿನ ಪಕ್ಕ ಒಂದು ಮನೆ ಕೊಡುತ್ತೇವೆ ಅಂತ ನಗರಸಭೆ ಘೋಷಿಸಿತು. ಮೊದಲು ಆರಿಸಿದ ಮನೆಯಲ್ಲಿ ಜನ ವಾಸವಿದ್ದರು, ಬಿಟ್ಟು ಹೋಗಬೇಕಾಗಿಲ್ಲ ಅನ್ನುವ ಹಕ್ಕೂ ಅವರಿಗಿತ್ತು. ಆಮೇಲೆ ತೋರಿಸಿದ ಜಾಗಕ್ಕೂ ಒಂದಲ್ಲ ಒಂದು ತೊಡಕು. ಕೊನೆಗೆ ನೀವೇ ಜಾಗ ಹುಡುಕಿ, ನಾವು ಕೊಂಡು ಕೊಡುತ್ತೇವೆ ಅಂದರು. ಐನ್‌ಸ್ಟೀನ್ ದಂಪತಿ ಕಪೂಟಿನಲ್ಲಿ ಕಾಡಿನ ಅಂಚಿನ ಒಂದು ಇಳಿಜಾರು ಜಾಗ ಮೆಚ್ಚಿದರು. ಅಷ್ಟರಲ್ಲಿ ನಗರಸಭೆಯ ಬಲಪಂಥೀಯ ಸದಸ್ಯರು ತಕರಾರು ಎತ್ತಿದರು, ತೀರ್ಮಾನ ಮುಂದಕ್ಕೆ ಹೋಯಿತು. ಐನ್‌ಸ್ಟೀನ್ ಉಡುಗೊರೆ ಬೇಡ ಅಂತ ಮೇಯರ್‌ಗೆ ಪತ್ರ ಬರೆದು, ಸ್ವಂತ ಉಳಿತಾಯದಿಂದ ಜಾಗ ಕೊಂಡು ಮನೆ ಕಟ್ಟಿಸಿಕೊಂಡರು.

ಕಟ್ಟಿದ್ದು ಕೊನ್ರಾಡ್ ವಾಕ್ಸ್‌ಮನ್. ಆಗಿನ್ನೂ ಮೂವತ್ತು ದಾಟದ ಹುಡುಗ. ನೀಸ್ಕಿ ಅನ್ನುವ ಊರಿನಲ್ಲಿ ಮರದ ಮನೆಗಳ ಭಾಗಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯಲ್ಲಿ ಕೆಲಸ. ಪೇಪರಿನಲ್ಲಿ ಈ ಸುದ್ದಿ ಓದಿ, ಯಾರೂ ಕರೆಯದಿದ್ದರೂ ನೇರವಾಗಿ ಐನ್‌ಸ್ಟೀನ್ ಮನೆಗೆ ಹೋಗಿ ಕೆಲಸ ಕೇಳಿದ. ಆ ಧೈರ್ಯಕ್ಕೇ ಕೆಲಸ ಸಿಕ್ಕಿತು ಅನ್ನಬೇಕು. ಐನ್‌ಸ್ಟೀನ್‌ಗೆ ಬೇಕಾಗಿದ್ದು ಮರದ ಗೋಡೆ, ಕೆಂಪು ಹೆಂಚಿನ ಮಾಡು, ಉದ್ದನೆಯ ಕಿಟಕಿಗಳು. ವಾಕ್ಸ್‌ಮನ್‌ಗೆ ಚಪ್ಪಟೆ ಸೂರಿನ ಆಧುನಿಕ ಮನೆ ಇಷ್ಟ. ಇಬ್ಬರ ಆಸೆಯೂ ಅರ್ಧರ್ಧ ಈಡೇರಿದೆ. ಒಂದು ಭಾಗಕ್ಕೆ ಹೆಂಚು, ಇನ್ನೊಂದು ಭಾಗದ ಮೇಲೆ ಬಿಸಿಲು ಕಾಯಿಸುವ ತಾರಸಿ.

ಆದರೆ ಕಪೂಟಿಗೆ ಅವರನ್ನು ನಿಜವಾಗಿ ಎಳೆದದ್ದು ನೀರು. ಐವತ್ತನೇ ಹುಟ್ಟುಹಬ್ಬಕ್ಕೆ ಸ್ನೇಹಿತರು ಟ್ಯುಮ್ಲರ್ ಅನ್ನುವ ಹಾಯಿದೋಣಿ ಕೊಟ್ಟಿದ್ದರು. ಸುಮಾರು 7 ಮೀಟರ್ ಉದ್ದ, 20 ಚದರ ಮೀಟರ್ ಹಾಯಿ. ಅದರ ತಳದಲ್ಲಿ ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತಿಬಿಡುವ ಹಲಗೆ ಇತ್ತು. ಹಲಗೆ ಇಳಿದಿದ್ದರೆ ದೋಣಿ ಗಾಳಿಗೆ ಪಕ್ಕಕ್ಕೆ ಜಾರುವುದಿಲ್ಲ. ಎತ್ತಿಬಿಟ್ಟರೆ ಜೊಂಡಿನ ತನಕ ಹೋಗಿ ದಡ ಮುಟ್ಟಬಹುದು. ಆಳ ಇಲ್ಲದ ಈ ಸರೋವರಗಳಿಗೆ ಅದೇ ಸರಿಯಾದ ದೋಣಿ. ಐನ್‌ಸ್ಟೀನ್‌ಗೆ ಈಜು ಬರುತ್ತಿರಲಿಲ್ಲ. ಆದರೂ ಗಂಟೆಗಟ್ಟಲೆ ಒಬ್ಬರೇ ನೀರಿನ ಮೇಲೆ. ಮನೆಯಲ್ಲಿ ಫೋನ್ ಇರಲಿಲ್ಲ, ಹಾಕಿಸಿಕೊಳ್ಳಲೂ ಇಲ್ಲ. ಮಗ ಎಡ್ವರ್ಡ್‌ಗೆ ಲೋಕದ ಗೊಡವೆ ಬಿಟ್ಟು ಕಪೂಟಿಗೆ ಬಾ ಅಂತ ಪದ್ಯದಲ್ಲೇ ಬರೆದು ಕರೆದಿದ್ದರು.

ಗಣಿತದ ಮೇಷ್ಟ್ರು:

ಹಾಗಾದರೆ ಟ್ಯಾಗೋರರು ಐನ್‌ಸ್ಟೀನ್‌ರನ್ನು ಕಂಡಿದ್ದು ಇದೇ ಮನೆಯಲ್ಲಾ? ನಾನು ಬರ್ಲಿನ್ ಅಂದುಕೊಂಡಿದ್ದೆ.

ಪುಸ್ತಕದ ಹುಳು:

ಹೌದು ಮೇಷ್ಟ್ರೇ, 1930ರ ಜುಲೈ 14ರಂದು, ಕಪೂಟಿನಲ್ಲೇ. ಅವರು ಒಂದಕ್ಕಿಂತ ಜಾಸ್ತಿ ಸಲ ಭೇಟಿಯಾಗಿದ್ದಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಮ್ಮೆ ಮಾತಾಡಿದ್ದೂ ಇದೆ, ಅಲ್ಲಿ ಸಂಗೀತದ ವಿಷಯ ಬಂದಿತ್ತು. ಆದರೆ ಸತ್ಯದ ಬಗ್ಗೆ ಹೆಸರಾದ ಮಾತುಕತೆ ಈ ಮರದ ಮನೆಯಲ್ಲಿ ನಡೆದದ್ದು.

ಟ್ಯಾಗೋರರಿಗೆ 69, ಐನ್‌ಸ್ಟೀನ್‌ಗೆ 51. ಪ್ರಶ್ನೆ ಇಷ್ಟೇ. ಮನುಷ್ಯರೇ ಇಲ್ಲದಿದ್ದರೂ ಸತ್ಯ ಇರುತ್ತದಾ? ಸೌಂದರ್ಯ ಮನುಷ್ಯನನ್ನು ಬಿಟ್ಟು ಇಲ್ಲ ಅಂತ ಐನ್‌ಸ್ಟೀನ್ ಒಪ್ಪುತ್ತಾರೆ. ಸತ್ಯದ ವಿಷಯಕ್ಕೆ ಬಂದಾಗ ಒಪ್ಪುವುದಿಲ್ಲ. ಪೈಥಾಗೊರಸ್ ಪ್ರಮೇಯ ಮನುಷ್ಯ ಇರಲಿ ಬಿಡಲಿ ಸತ್ಯವೇ ಅನ್ನುತ್ತಾರೆ. ಈ ಮನೆಯಲ್ಲಿ ಯಾರೂ ಇಲ್ಲದಾಗಲೂ ಮೇಜು ಇದ್ದಲ್ಲೇ ಇರುತ್ತದೆ ಅನ್ನುತ್ತಾರೆ. ಟ್ಯಾಗೋರರು ಬಿಡುವುದಿಲ್ಲ. ಒಬ್ಬ ವ್ಯಕ್ತಿಯ ಮನಸ್ಸಿನ ಆಚೆಗೆ ಮೇಜು ಇರಬಹುದು, ಎಲ್ಲರನ್ನೂ ಒಳಗೊಂಡ ಮಾನವ ಮನಸ್ಸಿನ ಆಚೆಗೆ ಇರುವುದಿಲ್ಲ ಅನ್ನುವುದು ಅವರ ವಾದ. ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ ಅನ್ನುವ ಅರ್ಥದ ಮಾತು ಐನ್‌ಸ್ಟೀನ್ ಬಾಯಲ್ಲಿ ಬರುವುದು ಅಲ್ಲೇ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಿಲ್ಲ. ನನಗೆ ಆ ಮಾತುಕತೆ ಇಷ್ಟವಾಗುವುದೇ ಅದಕ್ಕೆ. ಸಮಾಧಾನಕ್ಕೆ ಅಂತ ಯಾರೂ ಹೂಂ ಅನ್ನಲಿಲ್ಲ.

ಶರಾವತಿ ಎಕ್ಸ್‌ಪ್ರೆಸ್:

ಒಳ್ಳೆ ಮಾಹಿತಿ. ಒಂದು ಮಾತು ಕೇಳಬೇಕು. ಇಂಥ ಮನುಷ್ಯ ನಮ್ಮೂರಲ್ಲಿ ಇದ್ದಾನೆ ಅಂತ ಊರಿನವರಿಗೆ ಹೆಮ್ಮೆ ಇತ್ತಾ? 1933ರಲ್ಲಿ ನಾಜಿಗಳು ಬಂದಾಗ ಯಾರಾದರೂ ಐನ್‌ಸ್ಟೀನ್ ಪರ ನಿಂತರಾ?

ಹಾಫೆಲ್‌ದಂಡೆ:

@ಶರಾವತಿ ಎಕ್ಸ್‌ಪ್ರೆಸ್, ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಪ್ರವಾಸಿ ಕರಪತ್ರ ಓದಿದರೆ ವಿಜ್ಞಾನಿ, ಹಾಯಿದೋಣಿ, ಸೂರ್ಯಾಸ್ತ ಇಷ್ಟರಲ್ಲೇ ಕಥೆ ಮುಗಿಯುತ್ತದೆ. ಮುಗಿಯಬಾರದು.

1932ರ ಡಿಸೆಂಬರ್‌ನಲ್ಲಿ ಐನ್‌ಸ್ಟೀನ್ ದಂಪತಿ ಅಮೆರಿಕಕ್ಕೆ ಹೊರಟರು. ಮುಂದಿನ ತಿಂಗಳೇ ಹಿಟ್ಲರ್ ಅಧಿಕಾರಕ್ಕೆ ಬಂದ. ಅವರು ಜರ್ಮನಿಗೆ ಮತ್ತೆ ಕಾಲಿಡಲಿಲ್ಲ. 1933ರಲ್ಲಿ ಕಪೂಟಿನ ಮನೆಯನ್ನು ಶೋಧಿಸಿದರು. ದೋಣಿಯನ್ನೂ ವಶಪಡಿಸಿಕೊಂಡು ಮಾರಿದರು. ಅದು ಕೊನೆಗೆ ಎಲ್ಲಿ ಹೋಯಿತು ಅಂತ ಪತ್ತೆಯಾಗಲಿಲ್ಲ. 1935ರಲ್ಲಿ ಮನೆಯೇ ಸರ್ಕಾರದ ಪಾಲಾಯಿತು.

ಇದು ಸರ್ಕಾರ ಮಾಡಿದ್ದು. ಊರು ಮಾಡಿದ್ದು ಇನ್ನೊಂದಿದೆ. ಗೆರ್ಟ್ರೂಡ್ ಫೈಯರ್‌ಟಾಗ್ ಅನ್ನುವ ಶಿಕ್ಷಕಿ 1931ರಲ್ಲಿ ಕಪೂಟಿನಲ್ಲಿ ಯಹೂದಿ ಮಕ್ಕಳಿಗಾಗಿ ಒಂದು ವಸತಿಗೃಹ ಶುರು ಮಾಡಿದ್ದರು. ನಗರದ ಮಕ್ಕಳು ಒಳ್ಳೆ ಗಾಳಿಯಲ್ಲಿ ಸ್ವಲ್ಪ ದಿನ ಇದ್ದು ಹೋಗಲಿ ಅಂತ. 1933ರ ನಂತರ ಯಹೂದಿ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲಿ ಇರುವುದೇ ಕಷ್ಟವಾಯಿತು. ಆಗ ವಸತಿಗೃಹ ಪೂರ್ಣ ಶಾಲೆಯಾಗಿ ಬೆಳೆಯಿತು. ಜಾಗ ಸಾಲದೆ ಅಕ್ಕಪಕ್ಕದ ಮನೆಗಳನ್ನು ಬಾಡಿಗೆಗೆ ಹಿಡಿದರು. ಖಾಲಿ ಬಿದ್ದಿದ್ದ ಐನ್‌ಸ್ಟೀನ್ ಮನೆಯಲ್ಲೂ ಆ ಮಕ್ಕಳು ಇದ್ದರು. ಟ್ಯಾಗೋರರು ಕೂತು ಮಾತಾಡಿದ ಮನೆಯಲ್ಲೇ, ಕೆಲವೇ ವರ್ಷದ ನಂತರ, ಹೊರಗೆ ಎಲ್ಲೂ ಜಾಗ ಸಿಗದ ಮಕ್ಕಳು ಪಾಠ ಓದುತ್ತಿದ್ದರು.

1938ರ ನವೆಂಬರ್ 10ರ ಬೆಳಿಗ್ಗೆ ಶಾಲೆಯ ಮೇಲೆ ಗುಂಪು ನುಗ್ಗಿತು. ಬೇರೆ ಊರಿಂದ ಬಂದವರು ಮಾತ್ರ ಅಲ್ಲ. ಊರಿನ ಶಾಲೆಯ ಮಕ್ಕಳು, ಅವರನ್ನು ಕರೆತಂದ ಮೇಷ್ಟ್ರುಗಳೂ ಅದರಲ್ಲಿದ್ದರು. ಕಿಟಕಿ ಒಡೆದರು, ಪೀಠೋಪಕರಣ ಪುಡಿ ಮಾಡಿದರು. ಒಳಗಿದ್ದ ಮಕ್ಕಳನ್ನು ಅವರ ಶಿಕ್ಷಕರು ಕಾಡಿನ ದಾರಿಯಲ್ಲಿ ಹೊರಗೆ ಕರೆದುಕೊಂಡು ಹೋದರು. ಶಾಲೆ ಅಲ್ಲಿಗೆ ಮುಗಿಯಿತು. ಫೈಯರ್‌ಟಾಗ್ ಎಷ್ಟೋ ಮಕ್ಕಳನ್ನು ಹೊರದೇಶಕ್ಕೆ ಕಳಿಸಲು ಓಡಾಡಿದರು, ತಾವು ಮಾತ್ರ ಉಳಿದರು. 1943ರಲ್ಲಿ ಅವರನ್ನು ನಾಜಿಗಳ ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿ ಕೊಂದರು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಸುಲಭವಲ್ಲ. ಐನ್‌ಸ್ಟೀನ್‌ಗೆ ಅಂಗಡಿಯಲ್ಲಿ ಬ್ರೆಡ್ ಕೊಟ್ಟವರು, ದೋಣಿ ಕಟ್ಟಲು ಸಹಾಯ ಮಾಡಿದವರು ಇದ್ದ ಊರೇ ಅದು. ಒಂಬತ್ತು ವರ್ಷದೊಳಗೆ ಮಕ್ಕಳ ಮೇಲೆ ಕಲ್ಲೆತ್ತಿದ್ದೂ ಅದೇ ಊರು. ನಾನು ಕಪೂಟನ್ನು ಪ್ರೀತಿಸುತ್ತೇನೆ ಅಂದೆನಲ್ಲ, ಈ ವಿಷಯ ಬಿಟ್ಟು ಪ್ರೀತಿಸಲು ನನಗೆ ಬರುವುದಿಲ್ಲ. ಐನ್‌ಸ್ಟೀನ್ ಮನೆಗೆ ಹೋಗುವವರಲ್ಲಿ ನನ್ನ ಬೇಡಿಕೆ ಇದೊಂದೇ. ಫೈಯರ್‌ಟಾಗ್ ಹೆಸರನ್ನೂ ನೆನಪಿನಲ್ಲಿಟ್ಟುಕೊಂಡು ಹೋಗಿ.

ಮಲೆನಾಡ ಹುಡುಗಿ:

ಓದಿ ಸುಮ್ನೆ ಕೂತುಬಿಟ್ಟೆ. ಇದನ್ನು ಎಲ್ಲೂ ಓದಿರಲಿಲ್ಲ. ಊರಿನವರೇ ಈಗ ಇದನ್ನು ಮಾತಾಡುತ್ತಾರಾ, ಇಲ್ಲಾ ಮುಚ್ಚಿಡುತ್ತಾರಾ?

ಹಾಫೆಲ್‌ದಂಡೆ:

ಮಾತಾಡುತ್ತಾರೆ. ತುಂಬಾ ವರ್ಷ ಮಾತು ಕಡಿಮೆ ಇತ್ತು. 1980ರ ದಶಕದಿಂದೀಚೆಗೆ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಕಲೆಹಾಕಿದರು, ಪುಸ್ತಕಗಳು ಬಂದವು. ಈಗ ಶಾಲೆ ಇದ್ದ ಜಾಗದಲ್ಲಿ ನೆನಪಿನ ಫಲಕ ಇದೆ. ಆ ಕಟ್ಟಡ ಈಗಲೂ ಮಕ್ಕಳ ಆರೈಕೆಗೇ ಬಳಕೆಯಾಗುತ್ತಿದೆ ಅನ್ನುವುದು ನನಗೆ ಸಮಾಧಾನದ ವಿಷಯ.

ಆ ಕಾಲದಲ್ಲಿ ಬೇರೆ ರೀತಿ ಬದುಕಿದ ಒಬ್ಬರನ್ನೂ ಹೇಳಬೇಕು. ಮಾಗ್ನುಸ್ ತ್ಸೆಲ್ಲರ್ ಅನ್ನುವ ಚಿತ್ರಕಾರ 1937ರಲ್ಲಿ ಕಪೂಟಿಗೆ ಬಂದು ನೆಲೆಸಿದರು. ಹೊರಗೆ ಮೌನ. ಮನೆಯೊಳಗೆ ಗುಟ್ಟಾಗಿ ಹಿಟ್ಲರ್ ರಾಜ್ಯವನ್ನು ಒಂದು ರಾಕ್ಷಸ ವಿಗ್ರಹದಂತೆ ಬಿಡಿಸಿದರು. ಸಿಕ್ಕಿಬಿದ್ದಿದ್ದರೆ ಜೀವಕ್ಕೇ ಸಂಚಕಾರ. ಯುದ್ಧ ಮುಗಿದ ಮೇಲೂ ಅವರು ಇದೇ ಊರಿನಲ್ಲಿ ಉಳಿದರು.

ಬರ್ಲಿನ್ ಬಸ್ಸು:

ಯುದ್ಧದ ನಂತರದ ಕಥೆ ನಾನು ಸ್ವಲ್ಪ ಹೇಳಲಾ? ರೈಲು ಅಂದರೆ ನನಗೆ ಪ್ರಾಣ. ಈ ಊರಿನ ಪಕ್ಕದಲ್ಲೇ ಶೀತಲ ಸಮರದ ಒಂದು ದೊಡ್ಡ ಗುರುತು ಇದೆ, ಜನ ನೋಡಿಯೂ ನೋಡದ ಹಾಗೆ ಹೋಗುತ್ತಾರೆ.

ಪೂರ್ವ ಜರ್ಮನಿಯ ನಡುವೆ ಪಶ್ಚಿಮ ಬರ್ಲಿನ್ ದ್ವೀಪದ ಹಾಗೆ ಕೂತಿತ್ತು. ಪಾಟ್ಸ್‌ಡಾಮ್‌ನಿಂದ ಪೂರ್ವ ಬರ್ಲಿನ್‌ಗೆ ನೇರ ಹಳಿ ಪಶ್ಚಿಮ ಬರ್ಲಿನ್ ಮೂಲಕವೇ ಹೋಗುತ್ತಿತ್ತು. ಅದನ್ನು ತಪ್ಪಿಸಲು ಪೂರ್ವ ಜರ್ಮನಿಯವರು ಬರ್ಲಿನ್ ಸುತ್ತ ಒಂದು ಹೊರವರ್ತುಲ ರೈಲು ಹಾದಿ ಕಟ್ಟಿದರು. ಆ ಹಾದಿ ಟೆಂಪ್ಲೀನ್ ಸರೋವರವನ್ನೇ ಅಡ್ಡ ದಾಟಬೇಕಿತ್ತು. 1950ರ ದಶಕದ ನಡುವಿನಲ್ಲಿ ಸರೋವರದೊಳಗೆ ಮಣ್ಣು ತುಂಬಿ ಉದ್ದನೆಯ ಏರಿ ಹಾಕಿದರು, ದೋಣಿ ಹೋಗಲು ಮಾತ್ರ ಸೇತುವೆ ಬಿಟ್ಟರು. 1956ರಲ್ಲಿ ರೈಲು ಓಡಿತು. ಪಾಟ್ಸ್‌ಡಾಮ್‌ನಿಂದ ಹಡಗಿನಲ್ಲಿ ಕಪೂಟಿಗೆ ಬಂದರೆ ಆ ಸೇತುವೆ ಕೆಳಗೇ ಬರುತ್ತೀರಿ.

1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಈ ಸುತ್ತು ದಾರಿಯೇ ಗತಿ. ಅಲ್ಲಿ ಓಡುತ್ತಿದ್ದ ರೈಲಿಗೆ ಜನ ಇಟ್ಟ ಹೆಸರು ಸ್ಪುಟ್ನಿಕ್. ಬರ್ಲಿನ್ ಸುತ್ತ ಉಪಗ್ರಹದ ಹಾಗೆ ಸುತ್ತುತ್ತಿತ್ತಲ್ಲ. ಸರೋವರದ ಪಕ್ಕದ ಕಾಡಿನೊಳಗಿನ ಪಿರ್ಶ್‌ಹೈಡೆ ನಿಲ್ದಾಣವೇ ಆಗ ಪಾಟ್ಸ್‌ಡಾಮ್‌ನ ಮುಖ್ಯ ನಿಲ್ದಾಣ. ಗೋಡೆ ಬಿದ್ದ ಮೇಲೆ ಅದರ ಮಹತ್ವವೂ ಬಿತ್ತು.

ಹಾಫೆಲ್‌ದಂಡೆ:

@ಬರ್ಲಿನ್ ಬಸ್ಸು, ತುಂಬಾ ಚೆನ್ನಾಗಿ ಹೇಳಿದಿರಿ. ಊರಿನೊಳಗೆ ಆ ಕಾಲದಲ್ಲಿ ಆದದ್ದನ್ನು ಸೇರಿಸುತ್ತೇನೆ. ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆ ನೀರಿನ ದಡದಲ್ಲಿ ರಜಾಮನೆಗಳನ್ನು ಕಟ್ಟಿದವು. ಹಳೆಯ ಹಣ್ಣಿನ ತೋಟಗಳು ಸಾಮೂಹಿಕ ಕೃಷಿಗೆ ಸೇರಿದವು. ಈ ಸೀಮೆಯ ಮರಳು ಮಣ್ಣು ಬೇಗ ಬಿಸಿಯಾಗುತ್ತದೆ, ಸುತ್ತ ನೀರಿರುವುದರಿಂದ ವಸಂತದ ಹಿಮದ ಕಾಟ ಸ್ವಲ್ಪ ಕಡಿಮೆ. ಅದಕ್ಕೇ ಚೆರ್ರಿ, ಸ್ಟ್ರಾಬೆರಿ, ಸೇಬು ಚೆನ್ನಾಗಿ ಬರುತ್ತವೆ. ಇಟ್ಟಿಗೆ ದೋಣಿಗಳ ಕಾಲದಲ್ಲೇ ಹಣ್ಣೂ ದೋಣಿಯಲ್ಲಿ ಬರ್ಲಿನ್ ಮಾರುಕಟ್ಟೆಗೆ ಹೋಗುತ್ತಿತ್ತು. 1970ರ ದಶಕದಲ್ಲಿ ಪಕ್ಕದ ವೆರ್ಡರ್ ಊರಿನ ಸುತ್ತಮುತ್ತ ಕಣ್ಣು ಹಾಯಿಸಿದಷ್ಟು ಸೇಬಿನ ತೋಟ ಮಾಡಿದರು. 1990ರ ನಂತರ ಪಶ್ಚಿಮದ ಹಣ್ಣು ಬಂದು ಬಿತ್ತು, ಮರಗಳನ್ನು ಕಡಿದು ಹಾಕಿದರು. ಮನೆ ಹಿತ್ತಲಿನ ಚೆರ್ರಿ ಮರಗಳು ಮಾತ್ರ ಉಳಿದಿವೆ.

ಮರಗೆಲಸದವ:

ಊರಿನಲ್ಲಿ ಅರಮನೆ ಇದೆಯಂತಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ.

ಹಾಫೆಲ್‌ದಂಡೆ:

ಇದೆ, ಹೇಳುತ್ತೇನೆ. 1662ರಲ್ಲಿ ಫಿಲಿಪ್ ಡಿ ಶಿಯೆಜ್ ಅನ್ನುವ ಸೇನಾಧಿಕಾರಿ ಕಟ್ಟಿಸಿದ್ದು. ಆಮೇಲೆ ಬ್ರಾಂಡೆನ್‌ಬುರ್ಗ್‌ನ ದೊರೆ ಫ್ರೀಡ್ರಿಶ್ ವಿಲ್ಹೆಲ್ಮ್ ತನ್ನ ಎರಡನೇ ಹೆಂಡತಿ ಡೊರೊಥೆಯಾಗೆ ಕೊಟ್ಟ. ಆಕೆ ಅದನ್ನು ದೊಡ್ಡದು ಮಾಡಿಸಿದಳು. 1709ರಲ್ಲಿ ಪ್ರಷ್ಯಾ, ಡೆನ್ಮಾರ್ಕ್, ಸ್ಯಾಕ್ಸನಿ-ಪೋಲೆಂಡ್ ಮೂರೂ ರಾಜ್ಯಗಳ ದೊರೆಗಳು ಇಲ್ಲಿಗೆ ಬಂದಿದ್ದರು. ಇದೆಲ್ಲಾ ಎಲ್ಲಾ ಅರಮನೆಗಳಿಗೂ ಇರುವ ಕಥೆಯೇ.

ನಾನು ಕರೆದುಕೊಂಡು ಹೋಗಿ ತೋರಿಸುವುದು ಕೆಳಗಿನ ಹೆಂಚಿನ ಕೋಣೆ. ಸುಮಾರು 1720ರಲ್ಲಿ ಮಾಡಿಸಿದ್ದು. ಗೋಡೆಗೂ ಕಮಾನಿನ ಚಾವಣಿಗೂ ಸೇರಿ ಸುಮಾರು 7,500 ಡಚ್ ಹೆಂಚಿನ ಬಿಲ್ಲೆಗಳು. ಬಿಳಿ ಮೇಲೆ ನೀಲಿ ಗೆರೆ. ದೂರದಿಂದ ಒಂದೇ ತರಹ ಕಾಣುತ್ತವೆ. ಹತ್ತಿರ ಹೋಗಿ ಒಂದೊಂದನ್ನೇ ನೋಡಿ. ಒಂದರಲ್ಲಿ ಹಾಯಿ ಬಿಚ್ಚಿದ ಹಡಗು, ಪಕ್ಕದಲ್ಲಿ ಮೀನು ಹಿಡಿಯುವವ, ಅದರ ಕೆಳಗೆ ಆಟವಾಡುವ ಮಗು, ಕುದುರೆ ಸವಾರ. ಎಲ್ಲವೂ ನಾಲ್ಕೈದು ಬೀಸಿನಲ್ಲಿ ಬಿಡಿಸಿದ್ದು. ಕುಂಚ ಎಲ್ಲಿ ಒತ್ತಿತು, ಎಲ್ಲಿ ಹಗುರವಾಯಿತು ಅಂತ ಇವತ್ತಿಗೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಆ ಕೋಣೆ ತಣ್ಣಗಿರುತ್ತದೆ, ಊಟದ ಕೋಣೆಯಾಗಿ ಬಳಸುತ್ತಿದ್ದುದೂ ಅದಕ್ಕೇ. ಮುಂದೆ ಇದೇ ಅರಮನೆಯನ್ನು 1764ರಲ್ಲಿ ನೂಲಿಗೆ ಕೆಂಪು ಬಣ್ಣ ಹಾಕುವ ಕೆಲಸಕ್ಕೆ ಬಾಡಿಗೆಗೆ ಕೊಟ್ಟರು. ಪೂರ್ವ ಜರ್ಮನಿಯ ಕಾಲದಲ್ಲಿ ಅದು ವೃತ್ತಿ ಶಾಲೆ. ಇಷ್ಟೆಲ್ಲಾ ಆಗಿಯೂ ಬಿಲ್ಲೆಗಳು ಉಳಿದವು. 1999ರಿಂದ ಅದು ಮ್ಯೂಸಿಯಂ. ಎದುರಿನ ಚರ್ಚ್ 1852ರದ್ದು, ವಾಸ್ತುಶಿಲ್ಪಿ ಸ್ಟ್ಯೂಲರ್ ವಿನ್ಯಾಸ, ಇಟಲಿಯ ಶೈಲಿಯ ಗೋಪುರ.

ಶರಾವತಿ ಎಕ್ಸ್‌ಪ್ರೆಸ್:

ಈಗಿನ ದಿನನಿತ್ಯ ಹೇಗಿರುತ್ತದೆ? ಕೆಲಸ ಎಲ್ಲಾ ಪಾಟ್ಸ್‌ಡಾಮ್, ಬರ್ಲಿನ್‌ನಲ್ಲೇನಾ? ಅಲ್ಲಿ ಮನೆ ಮಾಡಬಹುದಾ ಅಂತ ಯೋಚನೆ ಮಾಡುತ್ತಿದ್ದೇವೆ.

ಹಾಫೆಲ್‌ದಂಡೆ:

ಹೆಚ್ಚಿನವರಿಗೆ ಹೌದು. ಬೆಳಿಗ್ಗೆ 607 ನಂಬರಿನ ಬಸ್ಸು ಪಾಟ್ಸ್‌ಡಾಮ್‌ಗೆ ಹೋಗುವವರಿಂದ ತುಂಬಿರುತ್ತದೆ. ಸಣ್ಣ ರೈಲು ನಿಲ್ದಾಣವೂ ಇದೆ. ಮನೆ ಸಿಗುವುದು ಸುಲಭವಲ್ಲ, ಸಿಕ್ಕರೂ ದುಬಾರಿ. ಗೋಡೆ ಬಿದ್ದ ಮೇಲೆ ನೀರಿನ ಪಕ್ಕದ ಜಾಗಕ್ಕೆ ಬರ್ಲಿನ್‌ನ ದುಡ್ಡು ಬಂತು. ಹಳೆಯ ದೋಣಿಯವರ ಮೊಮ್ಮಕ್ಕಳು ಅದೇ ಊರಿನಲ್ಲಿ ಮನೆ ಕೊಳ್ಳಲು ಪರದಾಡುವ ಸ್ಥಿತಿ ಇದೆ. ಇದು ನನಗೆ ಬೇಸರದ ವಿಷಯ.

ಊರಿನ ಜೀವ ಅಂದರೆ ಫೆರ್ರಿ. ಹೆಸರು ಟುಸಿ 2. ಗೆಮ್ಯುಂಡೆಯ ಇಕ್ಕಟ್ಟಿನಲ್ಲಿ ಕಪೂಟ್ ದಡದಿಂದ ಗೆಲ್ಟೋ ದಡಕ್ಕೆ ಓಡಾಡುತ್ತದೆ. ಎರಡೂ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ಸಾಗುವ ಚಪ್ಪಟೆ ದೋಣಿ ಅದು. ಕಾರು, ಸೈಕಲ್ಲು, ಮಗುವಿನ ತಳ್ಳುಗಾಡಿ, ಎಲ್ಲಾ ಹತ್ತುತ್ತವೆ. ಹಗ್ಗ ಸಡಿಲವಾಗಿ ನೀರಿನ ತಳಕ್ಕೆ ಇಳಿದಿರುತ್ತದೆ, ಹಾಗಾಗಿ ಬೇರೆ ಹಡಗುಗಳಿಗೆ ತಾಗುವುದಿಲ್ಲ. ಪ್ರವಾಸಿ ಹಡಗು ಬರುತ್ತಿದ್ದರೆ ಫೆರ್ರಿ ದಡದಲ್ಲೇ ಕಾಯುತ್ತದೆ. ದಾಟುವುದು ನಿಮಿಷಗಳ ಕೆಲಸ. ಫೆರ್ರಿ ಇಲ್ಲದಿದ್ದರೆ ಕಾರಿನವರು ಪಾಟ್ಸ್‌ಡಾಮ್ ಕಡೆಯಿಂದಲೋ ಇಡೀ ಶ್ವೀಲೋ ಸರೋವರ ಸುತ್ತಿಯೋ ಬರಬೇಕು. ಅದು ರಿಪೇರಿಗೆ ನಿಂತ ದಿನ ಊರಿನವರ ಮುಖ ನೋಡಬೇಕು. ಬೇಸಿಗೆ ಭಾನುವಾರ ಸೈಕಲ್‌ಗಳ ಸಾಲೇ ಇರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಫೆರ್ರಿ ಹೆಸರಿನಲ್ಲೇ ಊರ ಹಬ್ಬ ಮಾಡುತ್ತಾರೆ.

ಉಳಿದದ್ದು ಜರ್ಮನಿಯ ಬೇರೆ ಹಳ್ಳಿಗಳ ಹಾಗೆಯೇ. ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಹಚ್ಚುವ ಹಾಗಿಲ್ಲ, ಡ್ರಿಲ್ ಮಾಡುವ ಹಾಗಿಲ್ಲ. ರಾತ್ರಿ 10ರ ಮೇಲೆ ಸದ್ದು ಬೇಡ. ಬೆಂಕಿ ಆರಿಸಲು ಬರುವವರು ಊರಿನ ಸ್ವಯಂಸೇವಕರೇ, ಅಕ್ಕಪಕ್ಕದ ಮನೆಯವರೇ. ನಿಮಗೆ ಮನೆ ಸಿಕ್ಕರೆ ಅಗ್ನಿಶಾಮಕ ಬಳಗಕ್ಕೋ ಹಾಯಿದೋಣಿ ಸಂಘಕ್ಕೋ ಸೇರಿಕೊಳ್ಳಿ. ಊರೊಳಗೆ ಬರಲು ಅದೇ ಬಾಗಿಲು. ತಿಂಡಿ ವಿಷಯಕ್ಕೆ ಬಂದರೆ, ಏಪ್ರಿಲ್‌ನಿಂದ ಜೂನ್ 24ರವರೆಗೆ ಪಕ್ಕದ ಬೀಲಿಟ್ಸ್‌ನ ಬಿಳಿ ಆಸ್ಪರಾಗಸ್ ಎಲ್ಲಾ ಮನೆಯಲ್ಲೂ. ಜೂನ್ 24ಕ್ಕೆ ಕೀಳುವುದು ನಿಲ್ಲಿಸುತ್ತಾರೆ, ಮುಂದಿನ ವರ್ಷಕ್ಕೆ ಗಿಡಕ್ಕೆ ಶಕ್ತಿ ಉಳಿಯಲಿ ಅಂತ. ಹಾಫೆಲ್‌ನ ತ್ಸಾಂಡರ್ ಮೀನು ಹುರಿದು ಕೊಡುವ ಹೋಟೆಲುಗಳು ನೀರಿನ ದಡದಲ್ಲೇ ಇವೆ. ಸಸ್ಯಾಹಾರಿಗಳಿಗೆ ಆಸ್ಪರಾಗಸ್ಸೇ ಗತಿ, ಆದರೆ ಅದು ನಿಜಕ್ಕೂ ಚೆನ್ನಾಗಿರುತ್ತದೆ.

ಗಣಿತದ ಮೇಷ್ಟ್ರು:

ಮಗಳು ಬರ್ಲಿನ್‌ನಲ್ಲಿದ್ದಾಳೆ, ಈ ಬೇಸಿಗೆಗೆ ಹೋಗುತ್ತಿದ್ದೇವೆ. ಒಂದು ದಿನ ಇದೆ ಅಂದರೆ ಹೇಗೆ ನೋಡಬೇಕು? ಮಂಡಿ ನೋವಿದೆ, ಜಾಸ್ತಿ ನಡೆಯಲಾರೆ.

ಹಾಫೆಲ್‌ದಂಡೆ:

ಮೇಷ್ಟ್ರೇ, ಶನಿವಾರ ಅಥವಾ ಭಾನುವಾರ ಇಟ್ಟುಕೊಳ್ಳಿ. ಐನ್‌ಸ್ಟೀನ್ ಮನೆ ತೆರೆಯುವುದು ಬೇಸಿಗೆಯ ವಾರಾಂತ್ಯದಲ್ಲಿ. ಪಾಟ್ಸ್‌ಡಾಮ್‌ನ ಉದ್ದ ಸೇತುವೆ ಪಕ್ಕದಿಂದ ಹಡಗು ಹತ್ತಿ, ನಡೆಯುವುದು ತಪ್ಪುತ್ತದೆ. ಬರ್ಲಿನ್ ಬಸ್ಸು ಹೇಳಿದ ರೈಲು ಸೇತುವೆಯೂ ಸಿಗುತ್ತದೆ. ಕಪೂಟಿನಲ್ಲಿ ಇಳಿದರೆ ಅರಮನೆ ಹತ್ತಿರವೇ. ಮೊದಲು ಹೆಂಚಿನ ಕೋಣೆ ನೋಡಿ, ಆಮೇಲೆ ಫೆರ್ರಿ ದಡದಲ್ಲಿ ಊಟ ಮಾಡಿ. ಐನ್‌ಸ್ಟೀನ್ ಮನೆಗೆ ಏರು ಇದೆ, ಟ್ಯಾಕ್ಸಿ ಕರೆಸಿಕೊಳ್ಳಿ. ಅಲ್ಲಿ ಮಾರ್ಗದರ್ಶಕರು ಕರೆದುಕೊಂಡು ಹೋಗಿ ತೋರಿಸುತ್ತಾರೆ, ಒಳಗೆ ಹಳೆಯ ಸಾಮಾನು ಜಾಸ್ತಿ ಇಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಮರದ ಗೋಡೆ, ಕಿಟಕಿ, ಅವರ ಸಣ್ಣ ಮಲಗುವ ಕೋಣೆ ನೋಡಿದರೆ ಸಾಕು. ಮಕ್ಕಳ ಶಾಲೆಯ ವಿಷಯ ಅವರೇ ಹೇಳದಿದ್ದರೆ ನೀವೇ ಕೇಳಿ.

ಪುಸ್ತಕದ ಹುಳು:

ಮೇಷ್ಟ್ರೇ, ಹೋಗುವ ಮೊದಲು ಟ್ಯಾಗೋರರ ಮಾತುಕತೆ ಒಮ್ಮೆ ಓದಿಕೊಳ್ಳಿ. ನಾಲ್ಕೈದು ಪುಟ ಅಷ್ಟೇ. ಮಗಳಿಗೂ ಓದಿ ಹೇಳಿ.

ಗಣಿತದ ಮೇಷ್ಟ್ರು:

ಖಂಡಿತ. ಪೈಥಾಗೊರಸ್ ವಿಷಯದಲ್ಲಿ ನಾನು ಐನ್‌ಸ್ಟೀನ್ ಪರ, ಮಗಳು ಟ್ಯಾಗೋರರ ಪರ ಅಂತ ಈಗಲೇ ಗೊತ್ತು. ಹಡಗಿನಲ್ಲಿ ಮಾತಾಡಲು ವಿಷಯ ಸಿಕ್ಕಿತು. ಹೋಗಿ ಬಂದು ಇಲ್ಲೇ ಬರೆಯುತ್ತೇನೆ.